ಒಂದೇ ಥಾನಿನ ಎರಡು ಅಂಗಿ

ಕಿರಿಸೊಸೆಗೆ ಮುಚ್ಚಿದ ಬಾಗಿಲು ಕಂಡರಾಗದು. ಡಬ್ಬಿಯಿದ್ದರೆ ತೆಗೆದು ನೋಡಬೇಕು, ಕಪಾಟಿದ್ದರೆ ಖಾಲಿ ಮಾಡಿ ಒರೆಸಬೇಕು, ಕೋಣೆಯಿದ್ದರೆ ಮೂಲೆಮೂಲೆಯನ್ನೂ ಗುಡಿಸಬೇಕು. ಅಂಥವಳ ಮನೆಯಲ್ಲೇ, ಅದೂ ಅಡುಗೆಮನೆಗೆ ಅಂಟಿಕೊಂಡೇ, ಭಾವ ತೀರಿಕೊಂಡಾಗಿನಿಂದ ಒಂದು ಕೋಣೆ ಬೀಗ ಜಡಿದುಕೊಂಡು ಕೂತಿತ್ತು. ಒಲೆಯಿಂದ ಹಿತ್ತಲಿಗೆ, ಹಿತ್ತಲಿಂದ ಒಲೆಗೆ ಓಡಾಡುವಾಗಲೆಲ್ಲ ಅವಳಿಗೆ ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿಕೊಂಡಂತಾಗುತ್ತಿತ್ತು.

ಅದು ಹೊಲಿಗೆ ಕೋಣೆ. ಭಾವ, ಅಂದರೆ ಹಿರಿಸೊಸೆಯ ಗಂಡ, ಟೈಲರ್ ಆಗಿದ್ದರು. ಬೀದಿಯ ಕಡೆಗಿನ ಕಿಟಕಿಯ ಕೆಳಗೆ ಅವರ ಮಿಷನ್ನು, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಅವರು ಕತ್ತರಿಸಿದ ಬಟ್ಟೆಗಳ ಚಿಂದಿಯಿಂದ ಮನೆಯ ಇಬ್ಬರು ಸೊಸೆಯರೂ ಮೇಜಿನ ಆಚೆ ಈಚೆ ಕೂತು ಕೌದಿ ಹೊಲಿಯುತ್ತಿದ್ದರು. ಅತ್ತೆ ತೀರಿಕೊಂಡು ಎಷ್ಟೋ ವರ್ಷಗಳಾಗಿ, ಇಬ್ಬರ ತಲೆಯೂ ನರೆತಿದ್ದರೂ ಬೀದಿಯವರ ಬಾಯಲ್ಲಿ ಇವರು ಇನ್ನೂ ಹಿರಿಸೊಸೆ, ಕಿರಿಸೊಸೆಯೇ. ಒಲೆ ಕಿರಿಸೊಸೆಯದು, ಬಟ್ಟೆಬರೆ ಹಿರಿಸೊಸೆಯದು. ಮನೆಯ ಪ್ರತಿಯೊಂದು ಬಟ್ಟೆಯನ್ನೂ ಹಿರಿಸೊಸೆಯೇ ಕೈಯಾರೆ ಉಜ್ಜಿ ಒಗೆದು, ಮಡಚಿ ಇಡುವವಳು. ಕಿರಿಸೊಸೆಯ ಗಂಡ ಬಸ್ ಡ್ರೈವರ್. ದೊಡ್ಡ ಗಂಟಲಿನ ಮನುಷ್ಯ. ಅವನು ಬೀದಿಯ ತುದಿಯಲ್ಲಿ ಕೆಮ್ಮಿದರೆ ಇವಳು ಇಲ್ಲಿ ಸಾರು ಬಿಸಿಗಿಡುತ್ತಿದ್ದಳು. ಮಕ್ಕಳು ಮರಿ ಇಲ್ಲದ ಮನೆ. ಭಾವ ಹೋದಮೇಲೆ ಉಳಿದವರು ಈ ಮೂವರೇ.

ಒಂದು ಬೆಳಿಗ್ಗೆ ಹಿರಿಸೊಸೆಯೇ ಕೀಲಿಕೈ ತಂದು ಅಡುಗೆಕಟ್ಟೆಯ ಮೇಲಿಟ್ಟಳು.

"ತಗೋ. ದಿನಾ ಆ ಬಾಗಿಲನ್ನ ನೀನು ದುರುಗುಟ್ಟಿಕೊಂಡು ನೋಡೋದನ್ನ ನನಗೆ ನೋಡೋಕಾಗಲ್ಲ. ತೆಗೆದು ಗುಡಿಸು."

"ನೀವೂ ಬನ್ನಿ ಅಕ್ಕ. ಕೌದಿಗಳೆಲ್ಲ ಅರ್ಧಕ್ಕೇ ಬಿದ್ದಿವೆ. ಕೊಟ್ಟವರು ಬೀದೀಲಿ ಸಿಕ್ಕಾಗ ನನಗೆ ಮುಖ ತೋರಿಸೋಕಾಗ್ತಿಲ್ಲ."

"ಬರ್ತೀನಿ. ಆದರೆ ಅವರದು ಏನನ್ನೂ ಎಸೀಬೇಡ."

"ಅಯ್ಯೋ, ಎಸೀತೀನಾ?" ಎಂದಳು ಕಿರಿಸೊಸೆ. ಮಾತು ಕೊಡುವುದರಲ್ಲಿ ಅವಳದು ಧಾರಾಳ ಕೈ.

ಬಾಗಿಲು ತೆಗೆದಾಗ ಎಣ್ಣೆ, ಸೀಮೆಸುಣ್ಣ, ಹಳೇ ಬಟ್ಟೆಯ ವಾಸನೆ ಒಟ್ಟಿಗೆ ಬಂತು. ಗುಂಡಿಗಳ ಡಬ್ಬಿ, ತುಕ್ಕು ಹಿಡಿದ ಗುಂಡುಪಿನ್ನು, ಮೊಳೆಗೆ ನೇತುಹಾಕಿದ್ದ ಅಳತೆ ಟೇಪು, ಸ್ನಾನದ ಸೋಪಿನ ಕೊನೆಯ ಚೂರುಗಳಂತೆ ಸವೆದ ಸೀಮೆಸುಣ್ಣದ ಬಿಲ್ಲೆಗಳು. ಮಿಷನ್ನಿನಲ್ಲಿ ಯಾರದೋ ಅಂಗಿಯ ತೋಳು ಹಾಗೇ ಇತ್ತು, ಸೂಜಿ ಅದರಲ್ಲಿ ಚುಚ್ಚಿಕೊಂಡೇ ನಿಂತಿತ್ತು. ಹಿರಿಸೊಸೆ ಅದನ್ನು ನೋಡಿ ಹೊಸ್ತಿಲಲ್ಲೇ ನಿಂತುಬಿಟ್ಟಳು. ಕಿರಿಸೊಸೆ ಚಕ್ರ ತಿರುಗಿಸಿ ಸೂಜಿ ಎತ್ತಿ, ತೋಳನ್ನು ಮಡಚಿ ಬದಿಗಿಟ್ಟು, ಕಿಟಕಿ ತೆಗೆದು, ಪೊರಕೆ ಹಿಡಿದಳು. ದುಃಖಕ್ಕೂ ಧೂಳಿಗೂ ಅವಳ ಹತ್ತಿರ ಒಂದೇ ಮದ್ದು.

ಅರ್ಧಂಬರ್ಧ ಕೌದಿಗಳು ಬೇಕಾದಷ್ಟಿದ್ದವು. ಬೇಕರಿಯವನ ತಾಯಿಯದಕ್ಕೆ ಅಂಚು ಕಟ್ಟಿರಲಿಲ್ಲ. ಟೀಚರಮ್ಮನದನ್ನು ಇಲಿ ಒಂದು ಮೂಲೆಯಲ್ಲಿ ರುಚಿ ನೋಡಿತ್ತು. ಇಬ್ಬರೂ ಮಧ್ಯಾಹ್ನಗಳಲ್ಲಿ ಮೇಜಿಗೆ ಎದುರುಬದುರಾಗಿ ಕೂತು ಒಂದೊಂದನ್ನೇ ಮುಗಿಸಿ ಕೊಟ್ಟರು. ಕಿರಿಸೊಸೆ ಬಾಯಿ ತುಂಬ ಮಾತಾಡುತ್ತ ಹೊಲಿದಳು, ಹಿರಿಸೊಸೆ ಹೂಂಗುಟ್ಟುತ್ತ ಹೊಲಿದಳು. ಕೊನೆಗೆ ಉಳಿದದ್ದು ಮನೆ ಕೌದಿ.

ಮನೆ ಕೌದಿ ಅತ್ತೆ ಶುರುಮಾಡಿದ್ದು. ಅದಕ್ಕೆ ಅತ್ತೆಯದೇ ಒಂದು ಕಟ್ಟಳೆಯಿತ್ತು. ಮನೆಯ ಪ್ರತಿಯೊಬ್ಬರೂ ತೊಟ್ಟು ಹಳೆಯದಾದ ಬಟ್ಟೆಯಿಂದ ಒಂದೊಂದು ಚೌಕ ತೇಪೆ. ಬದುಕಿರುವವರದು ಮೇಲ್ಮಗ್ಗುಲಿಗೆ, ತೀರಿಕೊಂಡವರದು ಒಳಮಗ್ಗುಲಿಗೆ. ಹೊದ್ದಾಗ ಒಳಮಗ್ಗುಲು ಮೈಗೆ ತಾಗುತ್ತದಲ್ಲ, ಹೋದವರಿಗೆ ಅಷ್ಟಾದರೂ ಬಿಸುಪು ಸಿಗಲಿ, ಇದ್ದವರು ಬೆಳಕು ನೋಡಿಕೊಂಡಿರಲಿ ಎಂದು ಅತ್ತೆಯ ಲೆಕ್ಕಾಚಾರ. "ಅದಲು ಬದಲು ಮಾಡಿದರೆ ಅವರಿಗೂ ದಾರಿ ತಪ್ಪತ್ತೆ, ಇವರಿಗೂ ತಪ್ಪತ್ತೆ" ಎಂದು ಸೂಜಿ ಹಲ್ಲಲ್ಲಿ ಕಚ್ಚಿಕೊಂಡೇ ಹೇಳುತ್ತಿದ್ದಳು. ಈಗ ಅತ್ತೆ ಮಾವ ಇಬ್ಬರೂ ಒಳಮಗ್ಗುಲಲ್ಲಿದ್ದರು, ಸೊಸೆಯರಿಬ್ಬರ ತೇಪೆಗಳು ಮೇಲಿದ್ದವು. ಅಣ್ಣತಮ್ಮಂದಿರ ಚೌಕಗಳು ಮಾತ್ರ ಖಾಲಿ. ಭಾವ ಊರಿನ ಕೆಲಸವನ್ನೆಲ್ಲ ಮುಗಿಸಿ ಮನೆಯದನ್ನು ಕೊನೆಗಿಡುವವರು. ಆ ಕೊನೆ ಅವರಿಗೆ ಬರಲೇ ಇಲ್ಲ.

ಭಾವನಿಗೆ ಇನ್ನೊಂದು ಅಭ್ಯಾಸವಿತ್ತು. ಬಟ್ಟೆಯ ಥಾನು ತಂದರೆ ತನಗೂ ತಮ್ಮನಿಗೂ ಒಂದರಲ್ಲೇ ಅಂಗಿ ಹೊಲಿಯುವುದು. ಅದೇ ನೀಲಿ ಚೌಕಳಿ, ಅದೇ ಕಾಲರು, ಅದೇ ಅಳತೆ. ಇಬ್ಬರೂ ಒಟ್ಟಿಗೆ ಬೀದಿಗಿಳಿದರೆ ಬ್ಯಾಂಡಿನವರು ಬಂದರೆಂದು ಕಿರಿಸೊಸೆ ನಗಾಡುತ್ತಿದ್ದಳು.

ಮನೆ ಕೌದಿಗೆ ಕೈಹಾಕಿದ ದಿನ ಅವಳು ಗಂಡನ ಹಳೇ ನೀಲಿ ಚೌಕಳಿ ಅಂಗಿಯನ್ನೂ ಭಾವನ ಪೆಟ್ಟಿಗೆಯಲ್ಲಿದ್ದ ಅಂಥದೇ ಅಂಗಿಯನ್ನೂ ಮೇಜಿನ ಮೇಲೆ ಹರಡಿ, ರಟ್ಟಿನ ಚೌಕವಿಟ್ಟು, ಎರಡರ ಬೆನ್ನಿನಿಂದಲೂ ಒಂದೊಂದು ತೇಪೆ ಕತ್ತರಿಸಿದಳು. ಗಂಡನದು ಬಲಕ್ಕೆ, ಭಾವನದು ಎಡಕ್ಕೆ. ಹಿರಿಸೊಸೆ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಅಷ್ಟರಲ್ಲಿ ಚಿಂದಿ ಕೊಳ್ಳುವವನು ಬೀದಿಯಲ್ಲಿ ಕೂಗಿದ. ಆ ಕೂಗು ಕೇಳಿದರೆ ಕಿರಿಸೊಸೆಯ ಕೈ ಸುಮ್ಮನಿರುತ್ತದೆಯೇ? ಹಿಂದೆ ಮುಂದೆ ನೋಡದೆ, ಬೆನ್ನು ಹೋದ ಎರಡೂ ಅಂಗಿಗಳನ್ನು ಉಳಿದ ಚಿಂದಿಯ ಜೊತೆ ಬಾಚಿ, ಹೊರಗೆ ಹೋಗಿ ಅವನ ಗಾಡಿಗೆ ಸುರಿದು ಬಂದಳು. ಕೋಣೆ ಖಾಲಿಯಾದ ಸಂತೋಷದಲ್ಲಿ ಕೈಕೊಡವಿಕೊಂಡು ಒಳಗೆ ಬಂದರೆ, ಕಿಟಕಿಯ ಗಾಳಿಗೆ ಎರಡೂ ತೇಪೆಗಳು ಹಾರಿ ನೆಲದ ಮೇಲೆ ಒಂದರ ಮೇಲೊಂದು ಬಿದ್ದಿದ್ದವು.

ಕಿರಿಸೊಸೆ ಕೂತು ಎರಡನ್ನೂ ತಿರುಗಿಸಿ ನೋಡಿದಳು. ಬೆಳಕಿಗೆ ಹಿಡಿದಳು. ಮೂಸಿದಳು. ಎರಡಕ್ಕೂ ಒಂದೇ ಸೋಪಿನ ವಾಸನೆ. ಬೀದಿಗೆ ಓಡಿದಳು, ಗಾಡಿಯವನು ತಿರುವು ದಾಟಿ ಹೋಗಿಯಾಗಿತ್ತು. ವಾಪಸು ಬಂದು ಕೂತಳು. ಆಮೇಲೆ, ಬಟ್ಟೆ ಬಟ್ಟೆಯೇ ತಾನೇ, ಯಾವುದಾದರೇನು, ಎಂದು ತನಗೆ ತಾನೇ ಗದರಿಕೊಂಡು ಒಂದನ್ನು ಗಂಡನದೆಂದು ಎತ್ತಿಕೊಂಡಳು.

ಹಿರಿಸೊಸೆ ಇಳಿದು ಬಂದಾಗ ಇನ್ನೊಂದನ್ನು ಅವಳ ಕೈಗೆ ಕೊಟ್ಟಳು. ಹಿರಿಸೊಸೆ ಅದನ್ನು ಹೆಬ್ಬೆರಳಿನಿಂದ ಸವರಿ, ಮತ್ತೆ ಸವರಿ, ತಲೆಯೆತ್ತಿದಳು.

"ಇದು ಅವರದಾ?"

"ಹೂಂ ಅಕ್ಕ."

"ನೋಡಿಯೇ ಕೊಟ್ಟೆ ತಾನೇ?"

"ನೋಡದೆ ಕೊಡ್ತೀನಾ?"

ಹಿರಿಸೊಸೆ ತನ್ನ ಜಾಗದಲ್ಲಿ ಕೂತು ಸೂಜಿ ಎತ್ತಿಕೊಂಡಳು. ಇವಳು ಮೇಲೆ ಹೊಲಿದಳು, ಅವಳು ಕೌದಿಯ ಆ ತುದಿಯನ್ನು ಮಗುಚಿ ಒಳಗೆ ಹೊಲಿದಳು. ಸಂಜೆಯ ಬೆಳಕು ಹೋಗುವುದರೊಳಗೆ ಎರಡೂ ಚೌಕಗಳು ಕೂತವು. ಅಂಚಿನ ಕೆಲಸವಷ್ಟೇ ಬಾಕಿ ಎಂದು ಕೌದಿಯನ್ನು ಮಡಚಿ ಮೇಜಿನ ಮೇಲಿಟ್ಟರು.

ಮಾರನೆಯ ಬೆಳಿಗ್ಗೆ ಗಂಡ ಸ್ವೆಟರ್ ಕೇಳಿದ. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. "ಚಳಿ ಕಣೇ" ಎಂದು ಕೈ ಉಜ್ಜಿಕೊಂಡ. ಮುಟ್ಟಿ ನೋಡಿದರೆ ಜ್ವರವಿಲ್ಲ, ಆದರೆ ಕೈ ನೀರಲ್ಲಿಟ್ಟ ಪಾತ್ರೆಯ ಹಾಗೆ ತಣ್ಣಗಿತ್ತು. ಕಿರಿಸೊಸೆ ಒಂದು ಲೋಟ ಕಷಾಯ ಕುಡಿಸಿ ಕಳಿಸಿದಳು.

ಕೆಲವು ದಿನ ಕಳೆದಮೇಲೆ ಅವನು ಹೊತ್ತಿಗೆ ಮೊದಲೇ ಮನೆಗೆ ಬಂದ. "ಇವತ್ತು ಒಂದು ತಮಾಷೆ ಆಯ್ತು ಕೇಳು. ನಾನು ಬಸ್ಸಿನ ಪಕ್ಕದಲ್ಲೇ ನಿಂತಿದ್ದೀನಿ. 'ಡ್ರೈವರ್ ಬಂದಿಲ್ಲ' ಅಂತ ಡಿಪೋದವನು ಬೇರೆಯವನನ್ನ ಹತ್ತಿಸಿ ಕಳಿಸಿಬಿಟ್ಟ. ಕೂಗಿದೆ. ಯಾರೂ ತಿರುಗಿ ನೋಡಲಿಲ್ಲ." ನಗುತ್ತಲೇ ಹೇಳಿದ. ನಗು ಮುಗಿದಮೇಲೆ ಮುಖ ಚಿಕ್ಕದಾಯಿತು. ಕ್ಷೌರದಂಗಡಿಯಲ್ಲೂ ಅಷ್ಟೇ. ಅವನ ಹಿಂದೆ ಬಂದವರೆಲ್ಲ ಗಡ್ಡ ಬೋಳಿಸಿಕೊಂಡು ಹೋದರು, ಇವನನ್ನು ಯಾರೂ ಕರೆಯಲಿಲ್ಲ. ದಾರಿಯಲ್ಲಿ ಜನ ಇವನಿಗೆ ಡಿಕ್ಕಿ ಹೊಡೆದು, ಕಂಬಕ್ಕೆ ತಗಲಿದವರಂತೆ ಭುಜ ಒರೆಸಿಕೊಂಡು ಮುಂದೆ ಹೋಗುತ್ತಿದ್ದರು. ಅವನ ಕೆಮ್ಮು ಬೀದಿಯ ತುದಿಯಿಂದ ಕೇಳುವುದು ನಿಂತಿತು. ಅವನು ಪಕ್ಕಕ್ಕೆ ಬಂದು ಕೆಮ್ಮಿದರೂ ಯಾರದೋ ಮನೆಯ ಸದ್ದೆನ್ನಿಸುತ್ತಿತ್ತು. ಕಿರಿಸೊಸೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ನಾಡಿ ಹಿಡಿದು, "ಅಮ್ಮ, ತೊಂದರೆ ಯಾರಿಗೆ?" ಎಂದು ಇವಳನ್ನೇ ಕೇಳಿದರು. ಅವರ ಬೆರಳು ಗಂಡನ ಮಣಿಕಟ್ಟಿನ ಮೇಲೇ ಇತ್ತು.

ಇತ್ತ ಹೊಲಿಗೆ ಕೋಣೆ ಬೇರೆಯಾಗುತ್ತಿತ್ತು. ಸಾಲಾಗಿ ಜೋಡಿಸಿದ್ದ ಸೀಮೆಸುಣ್ಣದ ಬಿಲ್ಲೆಗಳಲ್ಲಿ ಒಂದು ಮೇಜಿನ ಮಧ್ಯಕ್ಕೆ ಬಂದಿರುತ್ತಿತ್ತು. ಕಪಾಟಿನಲ್ಲಿಟ್ಟ ಕತ್ತರಿ ಮಿಷನ್ನಿನ ಮೇಲೆ ಸಿಕ್ಕುತ್ತಿತ್ತು, ಅದರ ಹಿಡಿ ಬೆಚ್ಚಗಿರುತ್ತಿತ್ತು. ಅವಳು ಮಡಚಿ ಬದಿಗಿಟ್ಟಿದ್ದ ಅಂಗಿಯ ತೋಳು ಒಂದು ಬೆಳಿಗ್ಗೆ ಹೊಲಿದು ಮುಗಿದಿತ್ತು.

"ಅಕ್ಕ, ನೀವು ಮಿಷನ್ ತುಳಿದ್ರಾ?"

"ನನಗೆಲ್ಲಿ ಬರತ್ತೆ ಮಿಷನ್ನು?" ಎಂದು ಹಿರಿಸೊಸೆ ನಕ್ಕಳು.

ಆ ನಗುವೇ ಕಿರಿಸೊಸೆಗೆ ಹೆದರಿಕೆ ಹುಟ್ಟಿಸಿದ್ದು. ಭಾವ ಹೋದಮೇಲೆ ಅವಳು ಹಾಗೆ ನಕ್ಕಿರಲಿಲ್ಲ. ಈಚೆಗೆ ತಲೆ ಬಾಚಿ ಹೂಮುಡಿಯುತ್ತಿದ್ದಳು, ಗುನುಗುತ್ತಿದ್ದಳು, ಚಹಾ ಲೋಟ ಹಿಡಿದು ಹೊಲಿಗೆ ಕೋಣೆಗೆ ಹೋಗಿ ಬಾಗಿಲು ಓರೆಮಾಡಿಕೊಳ್ಳುತ್ತಿದ್ದಳು. ಹೊರಗೆ ಬರುವಾಗ ಲೋಟ ಖಾಲಿ. ಒಳಗಿನಿಂದ ಅವಳ ಮಾತು ಕೇಳುತ್ತಿತ್ತು. ಮಾತಿನ ನಡುವೆ, ಯಾರೋ ಉತ್ತರ ಕೊಡುವಷ್ಟು ಹೊತ್ತು ಬಿಡುವಿರುತ್ತಿತ್ತು.

ಒಂದು ಮಧ್ಯಾಹ್ನ ಕಿರಿಸೊಸೆ ಬಡಿಸಿಕೊಂಡು ಊಟ ಮಾಡಿ, ತಟ್ಟೆ ತೊಳೆದು, ಉಳಿದದ್ದನ್ನು ಮುಚ್ಚಿಟ್ಟು, ಕೈ ಒರೆಸಿಕೊಳ್ಳುತ್ತಿದ್ದಳು.

"ನನಗೆ ಊಟ ಇಲ್ವಾ?"

ತಿರುಗಿ ನೋಡಿದಳು. ಅಡುಗೆಮನೆಯ ಮಣೆಯ ಮೇಲೆ ಸ್ವೆಟರ್ ಹಾಕಿಕೊಂಡ ಒಬ್ಬ ಗಂಡಸು ಕೂತಿದ್ದ. ಯಾರಪ್ಪಾ ಇವನು, ಬಾಗಿಲು ಯಾರು ತೆಗೆದರು, ಎಂದು ಅವಳ ಬಾಯಿಗೆ ಬಂದೇಬಿಟ್ಟಿತ್ತು.

"ಆಗಿನಿಂದ ನಿನ್ನೆದುರಿಗೇ ಕೂತಿದ್ದೀನಿ" ಎಂದ ಅವನು. ಅವನ ಕಣ್ಣು ತುಂಬಿತ್ತು. "ನೀನೂ ಮರೆತೆಯಾ?"

ಆ ದೊಡ್ಡ ಮನುಷ್ಯ ಮಗುವಿನ ಹಾಗೆ ಕೂತು ಕೇಳಿದ. ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವನನ್ನು ಗುರುತು ಹಿಡಿಯಲು ಅವಳಿಗೆ ತಡಕಾಡಬೇಕಾಗಿತ್ತು. ಆಗಲೇ ಅವಳಿಗೆ ನೆಲದ ಮೇಲೆ ಒಂದರ ಮೇಲೊಂದು ಬಿದ್ದಿದ್ದ ತೇಪೆಗಳು ನೆನಪಾದವು. ದಾರಿ ತಪ್ಪತ್ತೆ ಅಂದಿದ್ದ ಅತ್ತೆಯ ಮಾತೂ ನೆನಪಾಯಿತು. ಅವನನ್ನು ಕೈಹಿಡಿದು ಜಗಲಿಯ ಬಿಸಿಲಿಗೆ ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿದಳು. "ಏಳಬೇಡಿ. ಇಲ್ಲೇ ಇರಿ. ಮಾತಾಡ್ತಾ ಇರಿ, ನಿಮ್ಮ ದನಿ ನನಗೆ ಕೇಳ್ತಾ ಇರಲಿ" ಎಂದು ಹೊಲಿಗೆ ಕೋಣೆಗೆ ಓಡಿದಳು.

ಕೌದಿ ಹರಡಿ ಒಳಮಗ್ಗುಲನ್ನು ಮೇಲೆ ಮಾಡಿದಳು. ಅತ್ತೆ, ಮಾವ, ಪಕ್ಕದಲ್ಲಿ ನೀಲಿ ಚೌಕಳಿ. ಬ್ಲೇಡು ತೆಗೆದು ಮೊದಲ ಹೊಲಿಗೆಗೆ ತಾಗಿಸಿದಳೋ ಇಲ್ಲವೋ, ಮೇಜಿನ ಆ ತುದಿಯಿಂದ ಕತ್ತರಿಯ ಸದ್ದು ಬಂತು. ಕಚ್, ಕಚ್, ಕಚ್, ಬಿಡುವಿಲ್ಲದೆ, ಕೈ ಪಳಗಿದವರು ದಪ್ಪ ಬಟ್ಟೆ ಕತ್ತರಿಸುವ ಸದ್ದು. ಆ ತುದಿಯಲ್ಲಿ ಬಟ್ಟೆಯೂ ಇರಲಿಲ್ಲ, ಕತ್ತರಿಯೂ ಇರಲಿಲ್ಲ.

"ಬಿಚ್ಚಬೇಡ" ಎಂದಳು ಹಿರಿಸೊಸೆ. ಬಾಗಿಲಲ್ಲಿ ಚಹಾ ಲೋಟ ಹಿಡಿದು ನಿಂತಿದ್ದಳು.

"ಅಕ್ಕ, ನನ್ನಿಂದ ತಪ್ಪಾಗಿದೆ. ತೇಪೆ ಅದಲು ಬದಲಾಗಿದೆ."

"ಗೊತ್ತು."

"ಗೊತ್ತಾ?"

"ನೀನು ಕೈಗೆ ಕೊಟ್ಟಾಗಲೇ ಗೊತ್ತಾಯ್ತು. ನೋಡಿಯೇ ಕೊಟ್ಟೆಯಾ ಅಂತ ಕೇಳಲಿಲ್ವಾ? ನೋಡದೆ ಕೊಡ್ತೀನಾ ಅಂದೆ. ನಾನು ಹೊಲಿದೆ." ಹಿರಿಸೊಸೆ ಒಳಗೆ ಬಂದು ತನ್ನ ಜಾಗದಲ್ಲಿ ಕೂತಳು. "ಮೊದಲನೇ ದಿನ ಸುಮ್ಮನೆ ಹೊಲಿದೆ, ದೇವರಾಣೆ, ಏನೋ ಆಗತ್ತೆ ಅಂತಲ್ಲ. ನಿನ್ನ ತಪ್ಪು ಎತ್ತಿ ಆಡೋದು ಬೇಡ ಅಂತ. ಆಮೇಲೆ ಈ ಸದ್ದು ಕೇಳಿಸ್ತು. ಆಮೇಲೆ ಹೇಗೆ ಹೇಳಲಿ?"

"ನನ್ನವರು ಹೋಗ್ತಿದ್ದಾರೆ ಅಕ್ಕ."

"ನನ್ನವರು ಬರ್ತಿದ್ದಾರೆ ಕಣೇ." ಹಿರಿಸೊಸೆ ಲೋಟವನ್ನು ಮೇಜಿನ ಮೇಲಿಟ್ಟಳು. "ಅಂಚು ಕಟ್ಟಿಬಿಟ್ಟರೆ ಪೂರ್ತಿ ಬರ್ತಾರೆ ಅನ್ನಿಸತ್ತೆ. ನಿನ್ನೆ ಇಲ್ಲಿ ಕೂತಿದ್ದಾಗ ನನ್ನ ಭುಜದ ಮೇಲೆ ಕೈಯಿಟ್ಟರು. ಭಾರ ಗೊತ್ತಾಯ್ತು."

ಕಿರಿಸೊಸೆಗೆ ಬೈಯಲು ಬಾಯಿ ಬರಲಿಲ್ಲ. ತನ್ನ ಜಾಗದಲ್ಲಿ ಅಕ್ಕ ಇದ್ದು, ಅಕ್ಕನ ಜಾಗದಲ್ಲಿ ತಾನಿದ್ದಿದ್ದರೆ ಏನು ಮಾಡುತ್ತಿದ್ದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಯಾರು ಬಂದು ಕೇಳಿದರೂ ಕೌದಿಯನ್ನು ಎದೆಗವಚಿಕೊಂಡು ಕೂತಿರುತ್ತಿದ್ದಳು. ಆದರೆ ಜಗಲಿಯಲ್ಲಿ ಕೂತಿದ್ದವನು ಅವಳವನು. ಬ್ಲೇಡು ಎಳೆದಳು. ಒಳಗಿನ ತೇಪೆ ಬಿಚ್ಚಿದಳು, ಕೌದಿ ಮಗುಚಿ ಮೇಲಿನದನ್ನೂ ಬಿಚ್ಚಿದಳು. ಕತ್ತರಿಯ ಸದ್ದು ಅರ್ಧಕ್ಕೆ ನಿಂತಿತು. ಅದರ ಜೊತೆಗೇ ಜಗಲಿಯಿಂದ ಬರುತ್ತಿದ್ದ ಗೊಣಗಾಟವೂ ನಿಂತಿತು.

"ರೀ?" ಎಂದು ಕೂಗಿದಳು. ಉತ್ತರವಿಲ್ಲ. ಹೋಗಿ ಇಣುಕಿದರೆ ಕುರ್ಚಿಯಲ್ಲಿ ಸ್ವೆಟರ್ ಮಾತ್ರ ಕೂತಿತ್ತು. ಅದರ ತೋಳುಗಳು ಕೈಕಟ್ಟಿಕೊಂಡಂತೆ ಎದೆಯ ಮೇಲೆ ಮಡಚಿಕೊಂಡಿದ್ದವು. ಒಳಗೆ ಯಾರೂ ಇರಲಿಲ್ಲ.

ಕಿರಿಸೊಸೆ ಎದ್ದುಬಿದ್ದು ಕೋಣೆಗೆ ಓಡಿ ಬಂದಳು. ಮೇಜಿನ ಮೇಲೆ ಎರಡು ನೀಲಿ ಚೌಕಳಿಗಳು, ಹೆಸರಿಲ್ಲದೆ, ಗುರುತಿಲ್ಲದೆ ಬಿದ್ದಿದ್ದವು. ಬಿಚ್ಚುವ ಭರದಲ್ಲಿ ಎರಡನ್ನೂ ಒಂದೇ ಕಡೆ ಎಸೆದಿದ್ದಳು. ಈಗ ಮತ್ತೆ ಯಾವುದು ಯಾವುದೋ. ಎರಡನೇ ಸಲ ಅದೇ ತಪ್ಪು ಮಾಡಿದ ತನ್ನ ಕೈಗಳನ್ನು ಕತ್ತರಿಸಿ ಎಸೆಯಬೇಕೆನ್ನಿಸಿತು.

"ಅಕ್ಕ, ಹೇಳಿ. ಯಾವುದು ಯಾರದು?"

ಹಿರಿಸೊಸೆ ತೇಪೆಗಳನ್ನೇ ನೋಡುತ್ತ ಕೂತಿದ್ದಳು.

"ನಿಮ್ಮ ಕಾಲು ಹಿಡೀತೀನಿ. ನೀವು ಸುಳ್ಳು ಹೇಳಿದರೂ ನನಗೆ ತಿಳಿಯೋಲ್ಲ. ಏನು ಹೇಳ್ತೀರೋ ಅದನ್ನೇ ಹೊಲೀತೀನಿ. ಆದರೆ ಹೇಳಿ."

ಬೀದಿಯಲ್ಲಿ ಒಂದು ಸೈಕಲ್ ಹೋಯಿತು. ಎಲ್ಲೋ ಕುಕ್ಕರು ಕೂಗಿತು. ಹಿರಿಸೊಸೆ ಎರಡೂ ತೇಪೆಗಳನ್ನು ಎತ್ತಿಕೊಂಡು, ಕಣ್ಣು ಮುಚ್ಚಿ, ಒಂದೊಂದನ್ನೂ ಹೆಬ್ಬೆರಳಿನಿಂದ ಸವರಿದಳು. ಒಂದನ್ನು ಕೆನ್ನೆಗೆ ಒತ್ತಿಕೊಂಡಳು, ಅದನ್ನು ಬಹಳ ಹೊತ್ತು ಹಾಗೇ ಹಿಡಿದಿದ್ದಳು. ಇನ್ನೊಂದನ್ನು ಮೇಜಿನ ಮೇಲೆ ಈಚೆಗೆ ತಳ್ಳಿದಳು.

"ಇದು ನಿನ್ನದು. ಮುಟ್ಟಿ ನೋಡು. ದಿನವಿಡೀ ಬಸ್ಸಿನ ಸೀಟಿಗೆ ಒರಗಿ ಒರಗಿ ಬೆನ್ನು ತೆಳ್ಳಗಾಗಿದೆ. ಇವರದು ಸವೆಯೋದು ಎದೆ ಹತ್ರ, ಮೇಜಿನ ಅಂಚಿಗೆ ತಾಗಿ. ಬೆನ್ನು ಹೊಸದರ ಹಾಗೇ ಇರತ್ತೆ. ಇಷ್ಟು ವರ್ಷ ಒಗೆದವಳು ನಾನು, ನನಗೆ ಗೊತ್ತಾಗಲ್ವಾ?"

ಕಿರಿಸೊಸೆ ಮುಟ್ಟಿ ನೋಡಿದಳು. ಅವಳ ಬೆರಳಿಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ. ಅಕ್ಕನ ಮುಖ ನೋಡಿದಳು. ನಂಬುವುದೋ ಬಿಡುವುದೋ ಎಂದು ಯೋಚಿಸಲು ಪುರುಸೊತ್ತಿರಲಿಲ್ಲ. ತೇಪೆಯನ್ನು ಮೇಲ್ಮಗ್ಗುಲಿನ ಖಾಲಿ ಚೌಕದಲ್ಲಿಟ್ಟು ಹೊಲಿಯತೊಡಗಿದಳು. ಬೆರಳಿಗೆ ಚುಚ್ಚಿಕೊಂಡಳು, ಹೊಲಿಗೆ ವಕ್ರವಾಯಿತು, ಹುಟ್ಟಿದಾಗಿನಿಂದ ಅಷ್ಟು ಕೆಟ್ಟದಾಗಿ ಅವಳು ಹೊಲಿದಿರಲಿಲ್ಲ. ಸುತ್ತು ಮುಗಿಸಿ, ಗಂಟು ಹಾಕಿ, ದಾರ ಕಚ್ಚಿ ತುಂಡುಮಾಡಿದಳು.

ಜಗಲಿಯಲ್ಲಿ ಕೆಮ್ಮು ಕೇಳಿಸಿತು. ಬೀದಿಯ ತುದಿಗೆ ಕೇಳುವಂಥ ಕೆಮ್ಮು.

"ಏ! ಯಾರೇ ನನಗೆ ಈ ಸ್ವೆಟರ್ ಹಾಕಿದ್ದು? ಬೆಂದುಹೋಗ್ತಿದ್ದೀನಿ!"

ಕಿರಿಸೊಸೆ ಓಡಿ ಹೋಗಿ ಅವನ ಎರಡೂ ಕೈಗಳನ್ನು ಹಿಡಿದುಕೊಂಡಳು. ಬೆಚ್ಚಗಿದ್ದವು, ಬೆವರಿದ್ದವು, ಎಂದಿನಂತೆ ಡೀಸೆಲ್ ವಾಸನೆ ಹೊಡೆಯುತ್ತಿದ್ದವು. ಅವಳು ಬಿಕ್ಕಿಬಿಕ್ಕಿ ಅತ್ತಳು. "ಹುಚ್ಚು ಹಿಡಿದಿದೆಯಾ ನಿನಗೆ?" ಎಂದು ಅವನು ಗಾಬರಿಯಾದ. ಹಸಿವು ಎಂದ. ಅವಳು ತಟ್ಟೆಯ ತುಂಬ ಬಡಿಸಿ, ಅವನು ಚಪ್ಪರಿಸಿ ಉಣ್ಣುವ ಸದ್ದನ್ನು ಸಂಗೀತ ಕಛೇರಿಗೆ ಬಂದವಳಂತೆ ಕೂತು ಕೇಳಿದಳು.

"ಅತ್ತಿಗೆ ಊಟ ಆಯ್ತಾ?" ಎಂದು ಕೇಳಿದ ಅವನು, ಎರಡನೇ ಸಲ ಸಾರು ಹಾಕಿಸಿಕೊಳ್ಳುತ್ತ.

"ಇಲ್ಲ. ಕರೀತೀನಿ" ಎಂದು ಎದ್ದಳು. ಅಕ್ಕನ ಕಾಲಿಗೆ ಬಿದ್ದು ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ಹೋದಳು.

ಹಿರಿಸೊಸೆ ಕೌದಿಯನ್ನು ಮಗುಚಿ, ಒಳಮಗ್ಗುಲಿನ ಮೇಲೆ ಬಗ್ಗಿ ಹೊಲಿಯುತ್ತಿದ್ದಳು. ಭಾವನ ತೇಪೆ ಆಗಲೇ ಕೂತಿತ್ತು. ಸಣ್ಣ, ನೇರ, ಮುದ್ದಾದ ಹೊಲಿಗೆ. ಅದಕ್ಕೆ ಅಂಟಿಕೊಂಡೇ ಇನ್ನೊಂದು ತೇಪೆಯನ್ನು ಅವಳು ಹೊಲಿಯುತ್ತಿದ್ದಳು, ಮೂರು ಬದಿ ಮುಗಿದಿತ್ತು. ಕಿರಿಸೊಸೆ ಕೌದಿಯ ತುದಿ ಎತ್ತಿ ಮೇಲ್ಮಗ್ಗುಲು ನೋಡಿದಳು. ಅಕ್ಕನ ಚೌಕ ಇದ್ದ ಕಡೆ ಖಾಲಿಯಾಗಿತ್ತು.

"ಅಕ್ಕ! ಏನು ಮಾಡಿಕೊಂಡ್ರಿ?"

"ಕೂಗಬೇಡ. ಅವನು ಊಟ ಮಾಡಲಿ."

"ಬಿಚ್ಚಿ. ಕೊಡಿ ಇಲ್ಲಿ, ನಾನೇ ಬಿಚ್ಚುತ್ತೀನಿ."

"ಬಿಚ್ಚು. ನಾಳೆ ಮತ್ತೆ ಹೊಲೀತೀನಿ." ಹಿರಿಸೊಸೆ ತಲೆಯೆತ್ತಿದಳು. ಅವಳ ಮುಖ ಕಾಣುತ್ತಿತ್ತು, ಆದರೆ ಹಬೆ ಹಿಡಿದ ಗಾಜಿನ ಆಚೆಯಿದ್ದಂತೆ ಕಾಣುತ್ತಿತ್ತು. "ಒಂದು ಸಲ ಅವರನ್ನ ಒಬ್ಬರನ್ನೇ ಕಳಿಸಿದ್ದೆ. ಆಗ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಇವತ್ತು ನನ್ನ ಕೈಯಿಂದಲೇ ವಾಪಸು ಕಳಿಸಿದ್ದೀನಿ. ಎರಡು ಸಲ ಒಬ್ಬರನ್ನೇ ಕಳಿಸೋಕೆ ನನಗಾಗಲ್ಲ."

"ನನ್ನನ್ನ ಬಿಟ್ಟು ಹೋಗ್ತೀರಾ? ನನಗ್ಯಾರಿದ್ದಾರೆ ಅಕ್ಕ?"

"ಅವನಿದ್ದಾನೆ. ಅದಕ್ಕೇ ತಾನೇ ಬಿಚ್ಚಿದ್ದು ನೀನು."

ಕಿರಿಸೊಸೆ ಬ್ಲೇಡನ್ನು ದೂರ ತಳ್ಳಿದಳು. ಮೇಜಿಗೆ ಒರಗಿ, ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ಹಿಂದೆ ಹೆಜ್ಜೆಯ ಸದ್ದಾಯಿತು. ಗಂಡ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಿದ್ದ.

"ಯಾರ ಹತ್ರ ಮಾತಾಡ್ತಿದ್ದೀಯಾ?"

"ಅಕ್ಕನ ಹತ್ರ."

ಅವನು ಕೋಣೆಯನ್ನೆಲ್ಲ ಒಮ್ಮೆ ನೋಡಿದ. ಮೇಜಿನ ಆಚೆ ಕೂತಿದ್ದವಳ ಮೇಲೂ ಅವನ ಕಣ್ಣು ಹಾದುಹೋಯಿತು, ನಿಲ್ಲಲಿಲ್ಲ.

"ಯಾವ ಅಕ್ಕ? ನಿನಗೆಲ್ಲಿದ್ದಾಳೆ ಅಕ್ಕ?" ಎಂದ. ಅವನು ತಮಾಷೆ ಮಾಡುತ್ತಿರಲಿಲ್ಲ. ಇವಳ ಮುಖ ನೋಡಿ, "ಮಲಗು ಸ್ವಲ್ಪ, ಸುಸ್ತಾಗಿದ್ದೀಯ" ಎಂದು ಮೆಲ್ಲಗೆ ಹೇಳಿ ಹೊರಗೆ ಹೋದ.

ಹಿರಿಸೊಸೆ ಎಲ್ಲ ಕೇಳಿಸಿಕೊಂಡಳು. ಬೇಸರಪಟ್ಟಂತೆ ಕಾಣಲಿಲ್ಲ. ಸೂಜಿಯನ್ನು ಎತ್ತಿ ಹಿಡಿದು ನೋಡಿದಳು, ದಾರ ಮುಗಿದಿತ್ತು. ರೀಲಿನಿಂದ ಹೊಸ ಎಳೆ ತೆಗೆದು ಪೋಣಿಸಲು ಹೋದಳು. ಅವಳ ಬೆರಳುಗಳು ದಾರವನ್ನು ಹಿಡಿಯಲಾರದೆ ಮತ್ತೆ ಮತ್ತೆ ಜಾರಿದವು.

"ಒಂದು ಬದಿ ಉಳಿದಿದೆ" ಎಂದಳು. ಅವಳ ದನಿ ಪಕ್ಕದ ಮನೆಯಿಂದ ಬಂದಂತಿತ್ತು. "ನನ್ನ ಕೈಯಲ್ಲಾಗ್ತಿಲ್ಲ. ಪೋಣಿಸಿ ಕೊಡ್ತೀಯಾ?"

ಅವಳ ಪಕ್ಕದ ಸ್ಟೂಲು ನೆಲಕ್ಕೆ ಉಜ್ಜಿಕೊಂಡು ಅವಳ ಕಡೆಗೆ ಸರಿಯಿತು. ಕಿರಿಸೊಸೆ ಅದನ್ನು ನೋಡಿದಳು. ಸೂಜಿಯನ್ನು ಕಿಟಕಿಯಿಂದಾಚೆ ಎಸೆದುಬಿಡಬಹುದಿತ್ತು. ಕೌದಿಯನ್ನು ಕಿತ್ತುಕೊಂಡು ಓಡಬಹುದಿತ್ತು. ಅವಳಿಗೆ ಅಕ್ಕ ಬೇಕಾಗಿದ್ದಳು. ಆದರೂ ಸೂಜಿ ತೆಗೆದುಕೊಂಡಳು. ಕಣ್ಣೀರಿನಲ್ಲಿ ಸೂಜಿಯ ಕಣ್ಣು ಕಾಣಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ದಾರದ ತುದಿಯನ್ನು ಬಾಯಲ್ಲಿ ಒದ್ದೆಮಾಡಿ, ಪೋಣಿಸಿ, ಗಂಟು ಹಾಕಿ, ಮೇಜಿನ ಆಚೆಗೆ ಚಾಚಿದಳು. ತಣ್ಣನೆಯ ಬೆರಳುಗಳು ಅವಳ ಬೆರಳನ್ನು ಒಂದು ಕ್ಷಣ ಹಿಡಿದು, ಸೂಜಿ ತೆಗೆದುಕೊಂಡವು.